ಟ್ರ್ಯಾಕ್ಟರ್ ನಿಮ್ಮದು, ಅದರ ಟಿಪ್ಪಣಿ ಯಾರ ಹತ್ತಿರ?



ನಿಮ್ಮ ಜಮೀನಿಗೆ ಪಹಣಿ ಇದೆ. ಪಹಣಿಯ ಹಿಂದೆ ಆಕಾರಬಂದ್ ಇದೆ. ಅದರ ಹಿಂದೆ ಸರ್ವೆ ಟಿಪ್ಪಣಿ ಇದೆ. ಅಜ್ಜನ ಕಾಲದಲ್ಲಿ ಸರಪಳಿ ಹಿಡಿದು ಅಳೆದವರು ಬರೆದಿಟ್ಟ ಆ ಟಿಪ್ಪಣಿ ಇವತ್ತಿಗೂ ರೆಕಾರ್ಡ್ ರೂಮಿನ ಧೂಳಿನಲ್ಲಿ ಹುಡುಕಿದರೆ ಸಿಕ್ಕುತ್ತದೆ. ಪಕ್ಕದವನು ಬದು ಒತ್ತಿದರೆ ನೀವು ಹದ್ದುಬಸ್ತಿಗೆ ಅರ್ಜಿ ಹಾಕುತ್ತೀರಿ. ಸರ್ವೆಯವನು ಬರುತ್ತಾನೆ. ಕೈ ಬೆಚ್ಚಗೆ ಮಾಡಿಸಿಕೊಂಡೋ, ಮಾಡಿಸಿಕೊಳ್ಳದೆಯೋ, ಕೊನೆಗೆ ಆ ಟಿಪ್ಪಣಿ ಬಿಚ್ಚಿ ಕಲ್ಲು ಎಲ್ಲಿತ್ತು ಅಂತ ಅವನು ತೋರಿಸಲೇಬೇಕು. ಜಮೀನು ಕೈ ಬದಲಾದರೆ ಮ್ಯುಟೇಶನ್ ಆಗಬೇಕು. ಯಾವ ತಾರೀಖಿನಿಂದ ಯಾರ ಹೆಸರಿಗೆ, ಯಾವ ಆಧಾರದ ಮೇಲೆ ಅಂತ ದಾಖಲೆ ಇರಬೇಕು. ಕಂದಾಯ ಇಲಾಖೆಯನ್ನು ನಾವು ಎಷ್ಟೇ ಬೈಯಲಿ, ನೂರು ವರ್ಷದ ಹಿಂದಿನ ಅಳತೆ ನಿಮ್ಮ ಮೊಮ್ಮಗನಿಗೂ ಸಿಕ್ಕಬೇಕು ಅನ್ನುವ ಬುದ್ಧಿ ಅದನ್ನು ಕಟ್ಟಿದವರಿಗೆ ಇತ್ತು.

ಈಗ ಕೇಳುತ್ತೇನೆ. ಅದೇ ಜಮೀನನ್ನು ಅಡವಿಟ್ಟು ತಂದ ಟ್ರ್ಯಾಕ್ಟರಿಗೆ ಟಿಪ್ಪಣಿ ಎಲ್ಲಿದೆ?

ಶೋರೂಮಿನಲ್ಲಿ ನಿಮಗೆ ಹಾರ ಹಾಕಿದರು. ತೆಂಗಿನಕಾಯಿ ಒಡೆದರು. ಬೀಗದ ಕೈ ಕೊಟ್ಟು ಫೋಟೊ ತೆಗೆದರು. ಬ್ಯಾಂಕಿನವರು ಎಷ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡರು ಅಂತ ನೆನಪಿದೆಯೆ? ಪಹಣಿ, ವಂಶವೃಕ್ಷ, ಋಣಭಾರ ಪತ್ರ, ಜಾಮೀನುದಾರರ ಪಹಣಿ, ಮುಂಗಡ ಚೆಕ್ಕು. ನಿಮ್ಮ ಮೂರು ತಲೆಮಾರಿನ ವಿಷಯ ಅವರ ಕಪಾಟಿನಲ್ಲಿದೆ. ಅವರು ನಿಮಗೆ ಕೊಟ್ಟದ್ದು ಏನು? ಒಂದು ಪುಟ್ಟ ಪುಸ್ತಕ. ಆಯಿಲ್ ಎಷ್ಟು ಹಾಕಬೇಕು, ಗ್ರೀಸ್ ಎಲ್ಲೆಲ್ಲಿ ಹೊಡೆಯಬೇಕು, ಟೈರಿಗೆ ಗಾಳಿ ಎಷ್ಟು. ಅದರಾಚೆಗೆ ಏನೇ ಕೆಟ್ಟರೂ ಒಂದೇ ಮಾತು: ಹತ್ತಿರದ ಅಧಿಕೃತ ಡೀಲರನ್ನು ಸಂಪರ್ಕಿಸಿ. ಏಳೋ ಒಂಬತ್ತೋ ವರ್ಷ ಕಂತು ಕಟ್ಟಿ ನಿಮ್ಮದು ಮಾಡಿಕೊಳ್ಳುವ ಯಂತ್ರದ ಒಳಗೆ ಏನಿದೆ ಅನ್ನುವುದನ್ನು ತಿಳಿಯುವ ಹಕ್ಕು ಆ ಒಂದು ವಾಕ್ಯದಲ್ಲಿ ಹೋಯಿತು.

ಬಂಡಿಯ ಕಾಲದಲ್ಲಿ ಹೀಗಿರಲಿಲ್ಲ. ಗಾಲಿಯ ಅರೆ ಮುರಿದರೆ ಊರ ಬಡಗಿ ಇದ್ದ, ಹಳಿ ಸಡಿಲವಾದರೆ ಕಮ್ಮಾರ ಇದ್ದ. ಗಾಲಿಯ ಅಳತೆ ಬಡಗಿಯ ಕೈಯಲ್ಲಿ, ಅವನ ಮಗನ ಕೈಯಲ್ಲಿ ಇತ್ತು. ಮಾಡಿದವನೂ ಅವನೇ, ರಿಪೇರಿಯವನೂ ಅವನೇ. ಅಳತೆ ಊರು ಬಿಟ್ಟು ಹೋಗುತ್ತಿರಲಿಲ್ಲ. ಬಂಡಿಗೆ ವಾಪಸು ಹೋಗೋಣ ಅಂತ ನಾನು ಹೇಳುತ್ತಿಲ್ಲ, ಆ ಮಾತು ಪೇಟೆಯಲ್ಲಿ ಕೂತವರಿಗೆ ಚೆನ್ನ. ಯಂತ್ರ ಊರಿಗೆ ಬಂದಾಗ ಅದರ ಅಳತೆ ಯಾಕೆ ಜೊತೆಗೆ ಬರಲಿಲ್ಲ ಅಂತ ಕೇಳುತ್ತಿದ್ದೇನೆ, ಅಷ್ಟೆ.

ಅಳತೆ ಅಂದರೆ ಏನು ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಟ್ರ್ಯಾಕ್ಟರಿನಲ್ಲಿ ಸಾವಿರಾರು ಪಾರ್ಟುಗಳಿವೆ. ಕಾರ್ಖಾನೆಯಲ್ಲಿ ಪ್ರತಿ ಪಾರ್ಟಿಗೂ ಒಂದು ನಕ್ಷೆ ಇರುತ್ತದೆ. ಎಷ್ಟು ಉದ್ದ, ಎಷ್ಟು ದಪ್ಪ ಅನ್ನುವುದು ಅದರಲ್ಲಿ ಸುಲಭದ ಭಾಗ. ಆ ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೆ ನಡೆಯುತ್ತದೋ, ಕೂದಲೆಳೆಯ ಹತ್ತರಲ್ಲಿ ಒಂದು ಪಾಲು ಮಾತ್ರ ನಡೆಯುತ್ತದೋ ಅಂತ ಅಲ್ಲಿ ಬರೆದಿರುತ್ತದೆ. ಯಾವ ಜಾತಿಯ ಉಕ್ಕು, ಅದನ್ನು ಎಷ್ಟು ಕಾಯಿಸಿ ಹೇಗೆ ತಣಿಸಿ ಎಷ್ಟು ಗಟ್ಟಿ ಮಾಡಬೇಕು, ಮೇಲ್ಮೈ ಎಷ್ಟು ನುಣುಪಾಗಬೇಕು, ಎಲ್ಲವೂ ಅಲ್ಲಿ ಇರುತ್ತದೆ. ಆ ನಕ್ಷೆಗೆ ಒಂದು ನಂಬರು. ಆ ನಂಬರುಗಳನ್ನೆಲ್ಲ ಜೋಡಿಸಿ, ಯಾವುದು ಎಲ್ಲಿ ಕೂರುತ್ತದೆ ಅಂತ ಚಿತ್ರ ಸಮೇತ ತೋರಿಸುವ ಪಾರ್ಟ್ಸ್ ಪುಸ್ತಕ ಇನ್ನೊಂದು.

ಇಲ್ಲಿಗೆ ಮುಗಿಯುವುದಿಲ್ಲ. ಕಾರ್ಖಾನೆಯವರು ಪಾರ್ಟನ್ನು ಬದಲಾಯಿಸುತ್ತಲೇ ಇರುತ್ತಾರೆ. ಒಂದು ಕಡೆಯ ಬೇರಿಂಗು ಬೇಗ ಹೋಗುತ್ತಿದೆ, ದಪ್ಪದ್ದು ಹಾಕೋಣ. ಸಪ್ಲೈಯರು ಬದಲಾದ, ಅವನ ಕ್ಲಚ್ ಪ್ಲೇಟಿನ ಹಲ್ಲು ಬೇರೆ. ನಾಲ್ಕು ಕಾಸು ಉಳಿಯುತ್ತದೆ, ಎರಕದ ಕಬ್ಬಿಣ ಬಿಟ್ಟು ತಗಡು ಹಾಕೋಣ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಬದಲಾವಣೆ ಆಗುತ್ತದೆ. ಬದಲಾದಾಗ ಒಳಗೆ ಒಂದು ಚೀಟಿ ಹುಟ್ಟುತ್ತದೆ: ಇಂಥ ಸೀರಿಯಲ್ ನಂಬರಿನ ತನಕ ಹಳೇ ಪಾರ್ಟು, ಅಲ್ಲಿಂದ ಮುಂದೆ ಹೊಸದು, ಹೊಸದು ಹಳೆಯ ಗಾಡಿಗೂ ಕೂರುತ್ತದೆ, ಅಥವಾ ಕೂರುವುದಿಲ್ಲ. ಇದೇ ಆ ಯಂತ್ರದ ಮ್ಯುಟೇಶನ್. ಈ ಚೀಟಿಗಳ ಸರಪಳಿ ಒಂದು ಕೊಂಡಿ ತಪ್ಪಿದರೂ ಮುಂದಿನದೆಲ್ಲ ಗೊಂದಲ.

ಆ ಚೀಟಿ ನಿಮಗೆ ಬರುವುದಿಲ್ಲ. ನಿಮ್ಮ ಗಾಡಿಯ ಮೇಲೆ ಹೆಸರು ಅದೇ, ಬಣ್ಣ ಅದೇ, ಹೆಚ್.ಪಿ. ಅದೇ. ಪಾರ್ಟಿನ ಅಂಗಡಿಯವನು ಕೇಳುತ್ತಾನೆ, ‘ಯಾವ ವರ್ಷದ್ದಣ್ಣಾ?’ ನೀವು ವರ್ಷ ಹೇಳುತ್ತೀರಿ. ‘ಆ ವರ್ಷದಲ್ಲಿ ಎರಡು ಥರ ಬಂದವೆ, ಹಳೇದು ಬಿಚ್ಚಿಕೊಂಡು ಬಂದ್ಬಿಡಿ.’ ಅದಕ್ಕೇ ನಮ್ಮ ರೈತ ಆಯಿಲ್ ಸೋರುವ ಪಾರ್ಟನ್ನು ಗೊಬ್ಬರದ ಚೀಲಕ್ಕೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ತಾಲ್ಲೂಕಿನ ಬಸ್ಸು ಹತ್ತುವುದು. ಆ ಚೀಲದಲ್ಲಿರುವ ಮುರುಕು ಕಬ್ಬಿಣವೇ ಅವನ ಪಾಲಿನ ನಕ್ಷೆ. ಲಕ್ಷಾಂತರ ರೂಪಾಯಿಯ ಯಂತ್ರಕ್ಕೆ ಇಪ್ಪತ್ತೊಂದನೇ ಶತಮಾನದಲ್ಲಿ ಇದು ದಾಖಲೆ!

ಇನ್ನು ಡೂಪ್ಲಿಕೇಟ್ ಪಾರ್ಟು. ಕಂಪನಿಗಳು ಬೋರ್ಡು ಹಾಕುತ್ತವೆ, ನಕಲಿ ಪಾರ್ಟಿನಿಂದ ಎಚ್ಚರ ಅಂತ. ನಕಲಿ ಹುಟ್ಟುವುದು ಹೇಗೆ ಅಂತ ಆ ಬೋರ್ಡಿನಲ್ಲಿ ಬರೆದಿಲ್ಲ. ಅಸಲಿನ ಅಳತೆ ಹೊರಗೆ ಎಲ್ಲೂ ಇಲ್ಲ; ಕಂಪನಿಯ ಪಾರ್ಟಿಗೆ ದುಡ್ಡು ಜಾಸ್ತಿ, ಹಳೇ ಮಾಡೆಲ್ಲಿನದಾದರೆ ಸ್ಟಾಕೇ ಇಲ್ಲ. ಆಗ ಎಲ್ಲೋ ಒಬ್ಬ ಓಡಿ ಸವೆದ ಒಂದು ಪಾರ್ಟನ್ನು ತಂದು, ಅದಕ್ಕೆ ಕ್ಯಾಲಿಪರ್ ಹಿಡಿದು ಅದರಂತೆ ಸಾವಿರ ಮಾಡಿಸುತ್ತಾನೆ. ಸವೆದ ಪಾರ್ಟನ್ನು ಅಳೆದು ಮಾಡಿದ ಪಾರ್ಟು ಸವೆದೇ ಹುಟ್ಟುತ್ತದೆ. ಉಕ್ಕು ಯಾವುದು, ಎಷ್ಟು ಗಟ್ಟಿ ಮಾಡಬೇಕು ಅನ್ನುವುದು ಕ್ಯಾಲಿಪರಿಗೆ ಕಾಣುವುದಿಲ್ಲ. ನೋಡಲು ಅಚ್ಚು ಅಸಲಿನಂತೆಯೇ ಇರುವ ಆ ಗೇರು ಬಿತ್ತನೆಯ ಮೂರನೇ ದಿನ ಹಲ್ಲು ಉದುರಿಸುತ್ತದೆ. ತಾಲ್ಲೂಕಿನ ಲೇತಿನವನು ದಡ್ಡನಲ್ಲ. ಅವನ ಕೈಗೆ ಸರಿಯಾದ ನಕ್ಷೆ ಕೊಡಿ, ಬುಷ್ಷು, ಪಿನ್ನು, ಶಾಫ್ಟು ಅವನು ಕಂಪನಿಯವರಿಗಿಂತ ಏನೂ ಕಡಿಮೆಯಿಲ್ಲದಂತೆ ಮಾಡಿಕೊಡುತ್ತಾನೆ. ಅವನಿಗೆ ಕೈ ಇದೆ, ಲೇತ್ ಇದೆ, ನಕ್ಷೆ ಮಾತ್ರ ಇಲ್ಲ.

ಇದು ಸಾಲದ ಪತ್ರಿಕೆಗೆ ತಕ್ಕ ವಿಷಯವೆ ಅಂತ ಯಾರಾದರೂ ಕೇಳಬಹುದು. ಸಾಲದ ವಿಷಯವೇ ಇದು. ಸಾಲ ತೀರಿದ ಮೇಲೆ ಓಡುವ ವರ್ಷಗಳಲ್ಲಿ ಮಾತ್ರ ಟ್ರ್ಯಾಕ್ಟರ್ ನಿಮಗೆ ನಾಲ್ಕು ಕಾಸು ಉಳಿಸುತ್ತದೆ. ಅಲ್ಲಿಯ ತನಕ ಅದು ದುಡಿಯುವುದೆಲ್ಲ ಬ್ಯಾಂಕಿಗೆ. ಚೆನ್ನಾಗಿ ನೋಡಿಕೊಂಡ ಟ್ರ್ಯಾಕ್ಟರ್ ಇಪ್ಪತ್ತೈದು, ಮೂವತ್ತು ವರ್ಷ ಓಡುತ್ತದೆ ಅಂತ ನಿಮಗೆ ಗೊತ್ತು. ಕಂಪನಿಗೆ ಆ ಲೆಕ್ಕ ಬೇಡ. ಹಳೇ ಗಾಡಿ ಓಡಿದಷ್ಟೂ ಹೊಸ ಗಾಡಿ ಮಾರಾಟ ತಡ. ಹತ್ತನೇ ವರ್ಷಕ್ಕೆ ‘ಆ ಮಾಡೆಲ್ ನಿಂತಿದೆ, ಪಾರ್ಟು ಬರಲ್ಲ, ಎಕ್ಸ್‌ಚೇಂಜಿಗೆ ಕೊಟ್ಬಿಡಿ’ ಅಂತ ಡೀಲರ್ ಅಂದರೆ, ನಿಮ್ಮ ಗಾಡಿ ಗುಜರಿ ಬೆಲೆಗೆ ಹೋಗಿ ಹೊಸ ಸಾಲದ ಕಾಗದ ಮೇಜಿನ ಮೇಲೆ ಬರುತ್ತದೆ. ಗಾಡಿ ಹಾಳಾಗಿ ಅಲ್ಲ, ಅದರ ಕಾಗದ ಕಳೆದುಹೋಗಿ ನೀವು ಮತ್ತೆ ಸಾಲಗಾರರಾದಿರಿ.

ಹೆಚ್.ಎಂ.ಟಿ. ಟ್ರ್ಯಾಕ್ಟರ್ ಇಟ್ಟುಕೊಂಡವರು ಈ ಮಾತನ್ನು ಇನ್ನೂ ಚೆನ್ನಾಗಿ ಬಲ್ಲರು. ನಮ್ಮ ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ. ಹರಿಯಾಣದ ಪಿಂಜೋರಿನಲ್ಲಿ 1971ರಲ್ಲಿ, ಝೆಕೊಸ್ಲೊವಾಕಿಯಾದ ಝೆಟಾರ್ ನಕ್ಷೆ ತಂದು ಟ್ರ್ಯಾಕ್ಟರ್ ಮಾಡಲು ಶುರು ಮಾಡಿತು. ಗಟ್ಟಿ ಗಾಡಿ ಅಂತ ಹೆಸರು ಮಾಡಿತು. 2016ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ನೌಕರರ ಬಾಕಿ ಸಂಬಳಕ್ಕೆ, ಸ್ವಯಂ ನಿವೃತ್ತಿಗೆ ಅಂತ 700 ಕೋಟಿಗೂ ಮಿಕ್ಕಿ ಹಣ ಇಟ್ಟರು. ನೌಕರರಿಗೆ ಕೊಟ್ಟದ್ದು ನ್ಯಾಯವೇ, ನಮಗೆ ಹೊಟ್ಟೆಕಿಚ್ಚಿಲ್ಲ. ಜಮೀನಿನ ಲೆಕ್ಕವನ್ನೂ ಹಾಕಿದರು. ಆದರೆ ದೇಶದ ತುಂಬ ಆ ಗಾಡಿ ಕೊಂಡ ರೈತರಿದ್ದಾರಲ್ಲ, ಅವರ ಬಾಕಿ ಏನು? ಜನರ ತೆರಿಗೆ ದುಡ್ಡಿನಲ್ಲಿ ಬರೆಸಿದ ನಕ್ಷೆಗಳವು. ಪ್ರತಿ ಪಾರ್ಟಿನ ನಕ್ಷೆಯನ್ನೂ ಅಚ್ಚು ಹಾಕಿಸಿ, ಲುಧಿಯಾನಾದಿಂದ ಹುಬ್ಬಳ್ಳಿಯ ತನಕ ಯಾವ ಸಣ್ಣ ಕಾರ್ಖಾನೆಯವನು ಬೇಕಾದರೂ ಪಾರ್ಟು ಮಾಡಿಕೊಳ್ಳಲಿ ಅಂತ ಬಿಡಬಹುದಿತ್ತು. ಕಂಪನಿಯೇ ಇಲ್ಲದ ಮೇಲೆ ಯಾರಿಂದ ಯಾವ ಗುಟ್ಟು ಕಾಯಬೇಕು?

ಹಾಗೆ ಮಾಡುವುದು ಆಗದ ಕೆಲಸವೆ? ಇದೇ ಸರ್ಕಾರದ ಇನ್ನೊಂದು ಇಲಾಖೆ ಮಾಡಿ ತೋರಿಸಿದೆ. ರೈಲ್ವೆಯ ಹಳೇ ಡೀಸೆಲ್ ಇಂಜಿನ್ನು ನೆನಪಿಸಿಕೊಳ್ಳಿ. ಅದು ಅಮೆರಿಕದ ಆಲ್ಕೊ ಅನ್ನುವ ಕಂಪನಿಯ ನಕ್ಷೆ. ಕೊಳ್ಳುವಾಗಲೇ ರೈಲ್ವೆಯವರು ಇಂಜಿನ್ನಿನ ಜೊತೆಗೆ ನಕ್ಷೆಯನ್ನೂ, ಮಾಡುವ ವಿದ್ಯೆಯನ್ನೂ ತಂದರು. 1964ರಲ್ಲಿ ವಾರಾಣಸಿಯ ಕಾರ್ಖಾನೆಯಿಂದ ಮೊದಲ ಇಂಜಿನ್ ಹೊರಬಂತು. 1969ರಲ್ಲಿ ಅಮೆರಿಕದಲ್ಲಿ ಆಲ್ಕೊ ಕಂಪನಿ ಬಾಗಿಲು ಹಾಕಿತು. ನಮ್ಮ ಇಂಜಿನ್ನುಗಳು ನಿಂತವೆ? ಇಲ್ಲ. ಮಾಡಿದ ಕಂಪನಿ ಸತ್ತ ಮೇಲೂ ನಾಲ್ಕು ದಶಕಕ್ಕೂ ಮೀರಿ ಆ ಜಾತಿಯ ಇಂಜಿನ್ನುಗಳನ್ನು ನಮ್ಮವರೇ ಮಾಡಿದರು, ತಿದ್ದಿದರು, ಶಕ್ತಿ ಹೆಚ್ಚಿಸಿದರು. ಯಾಕೆ ಆಯಿತು? ನಕ್ಷೆ ಕೊಂಡವನ ಕೈಯಲ್ಲಿತ್ತು. ಲಕ್ನೋದಲ್ಲಿ ರೈಲ್ವೆಯ ಸಂಶೋಧನಾ ಸಂಸ್ಥೆ ಇದೆ; ರೈಲಿನ ಸಾಮಾನುಗಳ ನಕ್ಷೆಗಳನ್ನು ಇಟ್ಟುಕೊಳ್ಳುವುದು, ತಿದ್ದುಪಡಿ ಆದಂತೆ ನಂಬರು ಹಾಕುವುದು ಅದರ ಕೆಲಸಗಳಲ್ಲಿ ಒಂದು. ರೈಲ್ವೆ ಅಂದರೆ ಒಬ್ಬನೇ ದೊಡ್ಡ ಗಿರಾಕಿ, ಅವನು ಕೇಳಿದ, ಸಿಕ್ಕಿತು. ಟ್ರ್ಯಾಕ್ಟರಿನ ಗಿರಾಕಿಗಳು ಲಕ್ಷಾಂತರ, ಒಬ್ಬೊಬ್ಬರಾಗಿ ಹೋಗುತ್ತೇವೆ, ಒಬ್ಬೊಬ್ಬರಾಗಿ ಹಾರ ಹಾಕಿಸಿಕೊಂಡು ಬರುತ್ತೇವೆ.

ವಿಮಾನದ ಕಥೆಯೂ ಅದೇ. ಮಿಗ್-21 ಅನ್ನುವ ಯುದ್ಧ ವಿಮಾನ ನಮ್ಮ ವಾಯುಪಡೆಗೆ ಬಂದದ್ದು 1963ರಲ್ಲಿ, ಕೆಲಸದಿಂದ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಅರವತ್ತೆರಡು ವರ್ಷ! ರಷ್ಯಾದ ನಕ್ಷೆ ತಂದು ಹೆಚ್.ಎ.ಎಲ್. ನಾಸಿಕದಲ್ಲಿ ಅವನ್ನು ಕಟ್ಟಿತು. ನಡುವೆ ಸೋವಿಯತ್ ಒಕ್ಕೂಟವೇ ಹೋಯಿತು. ಅದರಿಂದ ಆದ ಅಪಘಾತಗಳ ಮಾತು ಬೇರೆ, ಅದು ಇಲ್ಲಿ ಬೇಡ. ಸರ್ಕಾರ ತನ್ನ ಯಂತ್ರವನ್ನು ಅರವತ್ತು ವರ್ಷ ಓಡಿಸಬೇಕಾದಾಗ ನಕ್ಷೆಯ ಬೆಲೆ ಏನು ಅಂತ ಅದಕ್ಕೆ ಯಾರೂ ಪಾಠ ಹೇಳಬೇಕಾಗಲಿಲ್ಲ. ರೈತನ ಯಂತ್ರಕ್ಕೆ ಮಾತ್ರ ಈ ಜ್ಞಾನ ಅನ್ವಯಿಸುವುದಿಲ್ಲ.

ರೈತನ ಯಂತ್ರವಷ್ಟೇ ಅಲ್ಲ, ರೈತನ ನೀರಿಗೂ ಅನ್ವಯಿಸಲಿಲ್ಲ ಅನ್ನಬೇಕು. ತುಂಗಭದ್ರಾ ಬಯಲಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಳಿ ಹರಿದು ಕೊಚ್ಚಿಹೋಯಿತು. ಏಳು ದಶಕದ ಹಿಂದಿನ ಕಟ್ಟಡ. ತುಂಬಿ ನಿಂತ ನೀರು ಹೊಳೆಗೆ ಹೋಗುವುದನ್ನು ಕೊಪ್ಪಳ, ಬಳ್ಳಾರಿ, ರಾಯಚೂರಿನ ರೈತರು ದಡದಲ್ಲಿ ನಿಂತು ನೋಡಿದರು. ಆಗ ಸರ್ಕಾರ ಯಾರನ್ನು ಹುಡುಕಿಕೊಂಡು ಹೋಯಿತು? ಗೇಟಿನ ಕೆಲಸದಲ್ಲೇ ಆಯುಷ್ಯ ಕಳೆದ ಹಿರಿಯ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು. ಆ ಹಿರಿಯರು ಬಂದರು, ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸುವ ಏರ್ಪಾಡು ಮಾಡಿಸಿದರು. ಅವರಿಗೆ ಕೈ ಮುಗಿಯೋಣ. ಕೈ ಮುಗಿದ ಮೇಲೆ ಕೇಳೋಣ: ಹತ್ತಾರು ಲಕ್ಷ ಎಕರೆಯ ಬದುಕು ಒಬ್ಬ ಹಿರಿಯರ ಅನುಭವದ ಮೇಲೆ ನಿಲ್ಲಬೇಕೆ? ಹೊಸಪೇಟೆಯಲ್ಲೇ ಅಣೆಕಟ್ಟಿನ ಗೇಟು ಮಾಡುವ ಸರ್ಕಾರಿ ಕಾರ್ಖಾನೆ ಇತ್ತು, ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್. ಅದನ್ನು ಮುಚ್ಚುವುದೆಂದು 2015ರಲ್ಲಿ ದೆಹಲಿಯಲ್ಲಿ ಕೂತು ತೀರ್ಮಾನಿಸಿದ್ದರು. ಒಂಬತ್ತು ವರ್ಷಕ್ಕೆ ಗೇಟು ಹೋಯಿತು. ಉಳಿದ ಗೇಟುಗಳ ಭಯದಿಂದ 2025ರಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸಲೂ ಇಲ್ಲ. ಕಾರ್ಖಾನೆ ಮುಚ್ಚುವಾಗ ನಷ್ಟದ ಲೆಕ್ಕ ಹಾಕುವವರು, ಅಲ್ಲಿ ಕೂಡಿಟ್ಟ ತಿಳುವಳಿಕೆಗೆ ಯಾವ ಬೆಲೆ ಕಟ್ಟುತ್ತಾರೆ? ಸೊನ್ನೆ.

ಮತ್ತೆ ಟ್ರ್ಯಾಕ್ಟರಿಗೆ ಬರೋಣ, ಯಾಕೆಂದರೆ ಅಲ್ಲಿ ಹಳೇ ರೋಗದ ಮೇಲೆ ಹೊಸದೊಂದು ಬಂದಿದೆ. 2023ರ ಜನವರಿಯಿಂದ 50 ಹೆಚ್.ಪಿ.ಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂತು. ಅದಕ್ಕಾಗಿ ಡೀಸೆಲ್ ಪಂಪಿನ ಜಾಗಕ್ಕೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು. ಎಷ್ಟು ಡೀಸೆಲ್ ಯಾವ ಗಳಿಗೆಯಲ್ಲಿ ಚಿಮ್ಮಬೇಕು ಅನ್ನುವುದನ್ನು ಆ ಪೆಟ್ಟಿಗೆಯೊಳಗಿನ ಬರಹ ಹೇಳುತ್ತದೆ. ಹೊಗೆ ಕಡಿಮೆಯಾಗಲಿ, ನಮ್ಮ ಮಕ್ಕಳೇ ಅದನ್ನು ಕುಡಿಯುವುದು. ಆದರೆ ಮುಂಚೆ ನಾಜಲ್ ಹೋದರೆ ಮೆಕ್ಯಾನಿಕ್ಕು ಕಿವಿಕೊಟ್ಟು ಹೇಳುತ್ತಿದ್ದ. ಈಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ, ಒಂದು ನಂಬರು. ಆ ನಂಬರಿನ ಅರ್ಥ ಕಂಪನಿಯ ಲ್ಯಾಪ್‌ಟಾಪಿಗೆ ಮಾತ್ರ ಗೊತ್ತು. ಲ್ಯಾಪ್‌ಟಾಪು ಡೀಲರ್ ಹತ್ತಿರ, ಡೀಲರಿನ ಹುಡುಗ ಇನ್ನೊಂದು ತಾಲ್ಲೂಕಿನಲ್ಲಿ, ಹದ ಮಳೆ ಬಿದ್ದದ್ದು ನಿನ್ನೆ ರಾತ್ರಿ. ಹದ ಆರುವ ತನಕ ಕಾಯುತ್ತಾನೆಯೆ ಸೂರ್ಯ? ಕಬ್ಬಿಣದ ಪಾರ್ಟನ್ನಾದರೂ ಚೀಲದಲ್ಲಿ ಸುತ್ತಿಕೊಂಡು ಹೋಗಬಹುದಿತ್ತು. ಪೆಟ್ಟಿಗೆಯೊಳಗಿನ ಬರಹವನ್ನು ಯಾವ ಚೀಲಕ್ಕೆ ಹಾಕುತ್ತೀರಿ? ಇಪ್ಪತ್ತು ವರ್ಷ ಕಳೆದು ಆ ಪೆಟ್ಟಿಗೆ ಸುಟ್ಟರೆ ಆ ಬರಹ ಯಾರ ಹತ್ತಿರ ಇರುತ್ತದೆ?

ಅಮೆರಿಕದ ರೈತರು ಈ ಹೊಡೆತವನ್ನು ನಮಗಿಂತ ಮೊದಲೇ ತಿಂದರು. ಅಲ್ಲಿಯ ಗೋಧಿ, ಜೋಳದ ರೈತರು ನೂರಾರು ಎಕರೆಯವರು, ನಮ್ಮ ಕಷ್ಟಕ್ಕೂ ಅವರದಕ್ಕೂ ಹೋಲಿಕೆ ಬೇಡ. ಆದರೂ ಕಟಾವಿನ ಯಂತ್ರ ಗದ್ದೆಯಲ್ಲೇ ನಿಂತಾಗ ಡೀಲರಿನ ದಾರಿ ಕಾಯುವ ಅವಮಾನ ಒಂದೇ. ಅವರು ಸುಮ್ಮನೆ ಕೂರಲಿಲ್ಲ. ಕೊಲರಾಡೊ ರಾಜ್ಯದಲ್ಲಿ 2023ರಲ್ಲಿ ಕಾಯಿದೆ ಮಾಡಿಸಿದರು: ಕೃಷಿ ಯಂತ್ರದ ಪಾರ್ಟು, ಸಲಕರಣೆ, ರಿಪೇರಿಯ ಕೈಪಿಡಿ, ಸಾಫ್ಟ್‌ವೇರು ರೈತನಿಗೂ ಹೊರಗಿನ ಮೆಕ್ಯಾನಿಕ್ಕಿಗೂ ಸಿಗಬೇಕು. 2024ರ ಜನವರಿ 1ರಿಂದ ಅದು ಜಾರಿಗೆ ಬಂತು. ಜಾನ್ ಡೀರ್ ಕಂಪನಿಯ ಮೇಲೆ ಅಲ್ಲಿಯ ಕೇಂದ್ರ ವ್ಯಾಪಾರ ಆಯೋಗವೇ ಎರಡು ರಾಜ್ಯಗಳ ಜೊತೆ ಸೇರಿ 2025ರ ಜನವರಿಯಲ್ಲಿ ಮೊಕದ್ದಮೆ ಹೂಡಿತು, ರಿಪೇರಿಯನ್ನು ತನ್ನ ಡೀಲರುಗಳ ಮುಷ್ಟಿಯಲ್ಲಿ ಇಟ್ಟುಕೊಂಡಿದೆ ಅಂತ. ಬಂಡವಾಳಶಾಹಿಯ ತವರುಮನೆಯಲ್ಲೇ ಇದು ಆಗುತ್ತಿದೆ, ನೋಡಿ.

ನಮ್ಮಲ್ಲಿ? 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿಯ ಹಕ್ಕು’ ಅಂತ ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಯಂತ್ರ, ವಾಹನ ಅಂತ ನಾಲ್ಕು ಬಾಬು ಹೇಳಿತು. ಕೃಷಿ ಯಂತ್ರದ ಹೆಸರು ಆ ಪಟ್ಟಿಯಲ್ಲಿ ಇತ್ತು. ವರ್ಷದ ಕೊನೆಗೆ ಒಂದು ಪೋರ್ಟಲ್ಲನ್ನೂ ತೆರೆದರು. ಕಂಪನಿಗಳು ತಮಗೆ ಇಷ್ಟವಾದಷ್ಟು ಮಾಹಿತಿ ಅಲ್ಲಿ ಹಾಕಬಹುದು. ಇಷ್ಟವಾದಷ್ಟು! ಆಮೇಲೆ ರಿಪೇರಿಗೆ ಎಷ್ಟು ಅನುಕೂಲ ಅಂತ ಅಂಕ ಕೊಡುವ ಇನ್ನೊಂದು ಸಮಿತಿ. ಅದು 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಾಗ ಮೊದಲ ಸರದಿ ಮೊಬೈಲು ಮತ್ತು ಟ್ಯಾಬ್ಲೆಟ್ಟಿಗೆ. ಮೂರು ವರ್ಷಕ್ಕೆ ಬಿಸಾಡುವ ಮೊಬೈಲಿಗೆ ಮೊದಲ ಪಂಕ್ತಿ, ಮೂವತ್ತು ವರ್ಷ ದುಡಿಯುವ ಟ್ರ್ಯಾಕ್ಟರಿಗೆ ಎಂಜಲೆಲೆಯ ಹೊತ್ತು. 2025ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರಿನ ತೆರಿಗೆ ಶೇಕಡ 12ರಿಂದ 5ಕ್ಕೆ, ಪಾರ್ಟುಗಳದು 18ರಿಂದ 5ಕ್ಕೆ ಇಳಿಯಿತು, ಒಳ್ಳೆಯದಾಯಿತು. ಸಿಗದ ಪಾರ್ಟಿನ ಮೇಲೆ ತೆರಿಗೆ ಎಷ್ಟಾದರೇನು ಅನ್ನುವ ಪ್ರಶ್ನೆ ಹಾಗೇ ಇದೆ.

ಕಂಪನಿಗಳು ಹೀಗೆ ಮಾಡುತ್ತವೆ ಅನ್ನುವುದು ನಮ್ಮ ಕಲ್ಪನೆಯಲ್ಲ. ಕಾರಿನ ಕಂಪನಿಗಳ ಮೇಲೆ ಇದೇ ದೂರು ಸ್ಪರ್ಧಾ ಆಯೋಗದ ಮುಂದೆ ಹೋಗಿತ್ತು. ಪಾರ್ಟುಗಳನ್ನು, ತಪಾಸಣೆಯ ಸಲಕರಣೆಗಳನ್ನು, ತಾಂತ್ರಿಕ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಮಾಡಿದ್ದಾರೆ ಅಂತ 2014ರ ಆಗಸ್ಟಿನಲ್ಲಿ ಆಯೋಗ 14 ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹಾಕಿದವು, ವ್ಯಾಜ್ಯ ಎಳೆಯಿತು. ಅದು ಎಂದಿನ ಕಥೆ. ಕಾರಿನವರು ದೂರು ಕೊಟ್ಟರು, ಅಷ್ಟಾದರೂ ಆಯಿತು. ಟ್ರ್ಯಾಕ್ಟರಿನವರು ಕೊಟ್ಟೆವೆ?

ಅವರ ಜವಾಬು ನನಗೆ ಗೊತ್ತು. ನಕ್ಷೆ ನಮ್ಮ ವ್ಯಾಪಾರದ ಗುಟ್ಟು, ಸಂಶೋಧನೆಗೆ ಹಣ ಸುರಿದಿದ್ದೇವೆ, ಕೊಟ್ಟರೆ ನಾಳೆ ಯಾರೋ ನಮ್ಮ ಟ್ರ್ಯಾಕ್ಟರನ್ನೇ ಮಾಡಿ ಮಾರುತ್ತಾರೆ ಅನ್ನುತ್ತಾರೆ. ಸ್ವಾಮಿ, ಹೊಸ ವಿಚಾರ ಕಂಡುಹಿಡಿದವರಿಗೆ ದೇಶ ಪೇಟೆಂಟ್ ಕೊಡುತ್ತದೆ. ಅದರ ಅವಧಿ 20 ವರ್ಷ. ಆಕಾರದ ಹಕ್ಕಿಗೆ ಹೆಚ್ಚೆಂದರೆ 15 ವರ್ಷ. ಪೇಟೆಂಟಿನ ಕರಾರೇ ಏನೆಂದರೆ, ಗುಟ್ಟನ್ನು ಬಿಚ್ಚಿ ಬರೆದುಕೊಡು, ಬದಲಿಗೆ ಇಷ್ಟು ವರ್ಷ ನಿನ್ನ ಒಬ್ಬನದೇ ಹಕ್ಕು ಅಂತ. ನಮ್ಮ ಟ್ರ್ಯಾಕ್ಟರ್ ಆ 20 ವರ್ಷವನ್ನೂ ಮೀರಿ ಓಡುತ್ತದೆ. ಅವಧಿ ಮುಗಿದ ಮೇಲೂ ಬುಷ್ಷಿನ ಅಳತೆಯನ್ನು ಬಚ್ಚಿಡುವುದಕ್ಕೆ ಯಾವ ಸಂಶೋಧನೆಯ ಹೆಸರು ಹೇಳುತ್ತೀರಿ? ನಾವು ಕೇಳುತ್ತಿರುವುದು ಇಡೀ ಟ್ರ್ಯಾಕ್ಟರ್ ಮಾಡುವ ವಿದ್ಯೆಯನ್ನಲ್ಲ. ಸವೆಯುವ, ಮುರಿಯುವ ಪಾರ್ಟಿನ ನಕ್ಷೆ ಕೊಡಿ, ಯಾವ ಸೀರಿಯಲ್ ನಂಬರಿಗೆ ಯಾವುದು ಅನ್ನುವ ಸರಪಳಿ ಕೊಡಿ, ವೈರಿಂಗಿನ ಚಿತ್ರ ಕೊಡಿ, ಕೆಂಪು ದೀಪದ ನಂಬರಿನ ಅರ್ಥ ಕೊಡಿ. ಇನ್ನು ಕೆಲವರು, ಪೆಟ್ಟಿಗೆ ತೆರೆದರೆ ರೈತ ಹೊಗೆ ನಿಯಮವನ್ನು ತಿದ್ದಿಬಿಡುತ್ತಾನೆ ಅನ್ನುತ್ತಾರೆ. ರೋಗ ಏನು ಅಂತ ಓದಲು ಬಿಡುವುದು ಬೇರೆ, ಬರಹ ತಿದ್ದಲು ಬಿಡುವುದು ಬೇರೆ. ಈ ವ್ಯತ್ಯಾಸ ಅವರಿಗೆ ಗೊತ್ತಿಲ್ಲದೆ ಇಲ್ಲ.

ಕೊಡಿಸುವ ಕೀಲಿ ಸರ್ಕಾರದ ಕೈಯಲ್ಲೇ ಇದೆ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ಟ್ರ್ಯಾಕ್ಟರನ್ನು ಓಡಿಸಿ, ಬಿಚ್ಚಿ, ಸಿಲಿಂಡರ್ ಎಷ್ಟು ಸವೆಯಿತು, ರಿಂಗ್ ಎಷ್ಟು ಸವೆಯಿತು ಅಂತ ಅಳೆದು ವರದಿ ಬರೆಯುತ್ತಾರೆ. ಸಬ್ಸಿಡಿಗೆ ಈ ಪರೀಕ್ಷೆಯ ವರದಿ ಬೇಕು. ಅದೇ ಬಾಗಿಲಲ್ಲಿ ಇನ್ನೊಂದು ಷರತ್ತು ಹಾಕಿದರೆ ಸಾಕು. ಪಾರ್ಟ್ಸ್ ಪುಸ್ತಕವನ್ನೂ, ಸವೆಯುವ ಪಾರ್ಟುಗಳ ನಕ್ಷೆಯನ್ನೂ ಇಲ್ಲಿ ಠೇವಣಿ ಇಡು; ಬದಲಾವಣೆ ಮಾಡಿದಾಗಲೆಲ್ಲ ಚೀಟಿ ಕಳಿಸು; ಮಾಡೆಲ್ ನಿಲ್ಲಿಸಿದ ದಿನ ಅಥವಾ ಕಂಪನಿ ಮುಚ್ಚಿದ ದಿನ ಆ ಠೇವಣಿ ಎಲ್ಲರಿಗೂ ತೆರೆಯುತ್ತದೆ. ಒಪ್ಪದಿದ್ದರೆ ಸಬ್ಸಿಡಿಯೂ ಇಲ್ಲ, ಬ್ಯಾಂಕ್ ಸಾಲವೂ ಇಲ್ಲ. ರೈತನಿಗೆ ಸಾಲ ಕೊಡಲು ನೂರು ಷರತ್ತು ಹಾಕುವ ಬ್ಯಾಂಕು, ಆ ಸಾಲದ ಹಣ ಪೂರ್ತಿ ಸೇರುವ ಕಂಪನಿಗೆ ಈ ಒಂದು ಷರತ್ತು ಹಾಕಬಾರದೆ? ಗಾಡಿ ಓಡಿದರೆ ತಾನೆ ಬ್ಯಾಂಕಿಗೂ ಕಂತು?

ಠೇವಣಿ ಇಡುವ ರೀತಿಯ ಬಗ್ಗೆ ಒಂದು ಮಾತು, ಇದರಲ್ಲಿ ಮೋಸ ಹೋಗುವುದು ಸುಲಭ. ಹಿಂದೆ ನಕ್ಷೆಯನ್ನು ಕಾಗದದ ಮೇಲೆ, ಬಟ್ಟೆಯ ಮೇಲೆ ಬರೆಯುತ್ತಿದ್ದರು. ಐವತ್ತು ವರ್ಷದ ನಂತರ ಬಿಚ್ಚಿದರೂ ಕಣ್ಣಿದ್ದವನು ಓದಬಹುದು. ಈಗಿನ ನಕ್ಷೆ ಕಂಪ್ಯೂಟರಿನಲ್ಲಿ. ಬರೆದ ಸಾಫ್ಟ್‌ವೇರು ನಿಂತುಹೋದರೆ ಫೈಲು ಇದ್ದೂ ಇಲ್ಲದ ಹಾಗೆ. ಬೀಗ ಉಳಿದು ಕೀ ಕಳೆದ ಕಣಜ. ಇದಕ್ಕೆ ಪರಿಹಾರ ಇಲ್ಲದೆ ಇಲ್ಲ. ಯಾವ ಒಬ್ಬ ಕಂಪನಿಗೂ ಸೇರದ, ಎಲ್ಲರೂ ತೆರೆಯಬಹುದಾದ ನಕ್ಷೆಯ ಮಾದರಿಯನ್ನು ಜಗತ್ತಿನ ಮಾನಕ ಸಂಸ್ಥೆ 1994ರಲ್ಲೇ ಪ್ರಕಟಿಸಿದೆ, ‘ಸ್ಟೆಪ್’ ಅಂತ ಅದರ ಹೆಸರು. ದಶಕಗಟ್ಟಲೆ ಹಾರುವ ವಿಮಾನಗಳ ನಕ್ಷೆಯನ್ನು ಕಾಪಾಡಲು ವಿಮಾನದ ಕಂಪನಿಗಳೇ ಅದನ್ನು ಬಳಸುತ್ತವೆ. ಆ ಮಾದರಿಯಲ್ಲಿ ಒಂದು ಪ್ರತಿ, ಕಾಗದದಲ್ಲಿ ಒಂದು ಪ್ರತಿ ಇಡಿಸಬೇಕು. ಪಾರ್ಟ್ಸ್ ಪುಸ್ತಕ ಕನ್ನಡದಲ್ಲೂ ಇರಬೇಕು. ಇಂಗ್ಲಿಷ್ ಓದಲು ಬಾರದ ಮೆಕ್ಯಾನಿಕ್ಕು ಕೆಟ್ಟ ಮೆಕ್ಯಾನಿಕ್ಕಲ್ಲ. ನಮ್ಮ ರಾಜ್ಯದಲ್ಲಿ ಸರ್ಕಾರದ ಹಣದಲ್ಲಿ ನಡೆಯುವ ಕೃಷಿ ಯಂತ್ರಧಾರೆ ಕೇಂದ್ರಗಳಿವೆ; ಬಾಡಿಗೆ ಯಂತ್ರದ ಜೊತೆಗೆ ಆಯಾ ಹೋಬಳಿಯಲ್ಲಿ ಓಡುವ ಮಾಡೆಲ್ಲುಗಳ ಪುಸ್ತಕಗಳನ್ನೂ ಅಲ್ಲಿ ಒಂದು ಕಪಾಟಿನಲ್ಲಿ ಇಡಲು ಎಷ್ಟು ಖರ್ಚು?

ಸರ್ಕಾರ ಮಾಡುವ ತನಕ ನಾವು ಕೈ ಕಟ್ಟಿ ಕೂರಬೇಕಾಗಿಲ್ಲ. ಮುಂದಿನ ಸಲ ನಿಮ್ಮ ಮನೆಗೋ ನಿಮ್ಮ ಸಂಬಂಧಿಕರಿಗೋ ಟ್ರ್ಯಾಕ್ಟರ್, ಟಿಲ್ಲರ್, ಒಕ್ಕಣೆ ಯಂತ್ರ ಯಾವುದೇ ಕೊಳ್ಳುವಾಗ, ಮುಂಗಡ ಕೊಡುವ ಮೊದಲು ಒಂದು ಬಿಳಿ ಹಾಳೆಯಲ್ಲಿ ಹೀಗೆ ಬರೆದು ಡೀಲರಿಗೆ ಕೊಡಿ: ಈ ಮಾಡೆಲ್ಲಿನ ಪಾರ್ಟ್ಸ್ ಪುಸ್ತಕ ನನಗೆ ಕೊಡುತ್ತೀರಾ? ಈ ಮಾಡೆಲ್ ನಿಲ್ಲಿಸಿದ ಮೇಲೆ ಎಷ್ಟು ವರ್ಷ ಪಾರ್ಟು ಕೊಡುತ್ತೀರಿ, ಬರೆದುಕೊಡಿ. ಕೆಂಪು ದೀಪದ ನಂಬರನ್ನು ಓದುವ ಯಂತ್ರವನ್ನು ನನ್ನ ಮೆಕ್ಯಾನಿಕ್ಕಿಗೆ ಮಾರುತ್ತೀರಾ, ಬೆಲೆ ಎಷ್ಟು? ಕೊನೆಯಲ್ಲಿ ನಿಮ್ಮ ಸಹಿ, ತಾರೀಖು. ಇನ್ನೊಂದು ಪ್ರತಿಯ ಮೇಲೆ ಡೀಲರಿನ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಊರಿನಲ್ಲಿ ಹಳೇ ಗಾಡಿ ಇರುವವರು ಕೂತು ಇನ್ನೊಂದು ಪಟ್ಟಿ ಮಾಡಿ: ಯಾವ ಮಾಡೆಲ್, ಸೀರಿಯಲ್ ನಂಬರ್ ಯಾವುದು, ಯಾವ ಪಾರ್ಟು ಸಿಗದೆ ಎಷ್ಟು ದಿನ ನಿಂತಿತು. ಎರಡನ್ನೂ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಬಂದ ಜವಾಬುಗಳನ್ನೂ, ಜವಾಬೇ ಕೊಡದವರ ಪಟ್ಟಿಯನ್ನೂ ಜಿಲ್ಲಾವಾರು ಅಚ್ಚು ಹಾಕೋಣ.